ಮಂಡಿ ನೋವಿಗೆ ಏನು ನುಂಗುತ್ತಿದ್ದೀರಿ ಎಂದೂ ಕೇಳಿಸಿ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಆರೋಗ್ಯ ಸಚಿವರಿಗೆ, ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಗೆ, ಮತ್ತು ಮನೆಯಲ್ಲಿ ಕೀಲು ನೋವಿನವರನ್ನು ನೋಡಿಕೊಳ್ಳುತ್ತಿರುವ ಎಲ್ಲರಿಗೂ,

ನಮಸ್ಕಾರ.

ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಮೆಡಿಕಲ್ ಶಾಪ್ ಕೌಂಟರಿನಲ್ಲಿ ನಿಲ್ಲುವ ಫಾರ್ಮಸಿಸ್ಟ್. ಬೆಳಗ್ಗೆ ಶಟರ್ ಎತ್ತಿದಾಗಿನಿಂದ ರಾತ್ರಿ ಮುಚ್ಚುವವರೆಗೆ ನನ್ನ ಕಿವಿಗೆ ಜಾಸ್ತಿ ಬೀಳುವ ಮಾತು ಒಂದೇ: "ಮಂಡಿ ನೋವಿಗೆ ಏನಾದ್ರೂ ಕೊಡಿ." ಕೆಲವರು ಚೀಟಿ ತರುತ್ತಾರೆ. ಕೆಲವರು ಖಾಲಿ ಸ್ಟ್ರಿಪ್ ತೋರಿಸಿ "ಹೋದ ಸಲದ್ದೇ ಕೊಡಿ" ಎನ್ನುತ್ತಾರೆ. ಇನ್ನು ಕೆಲವರದು "ಎರಡೊತ್ತಿಂದು ಸೆಟ್ ಮಾಡ್ಕೊಡಿ, ಸ್ವಲ್ಪ ಪವರ್ ಇರೋದು."

ಹೀಗೆ ಕೇಳುವವರು ಸುಮ್ನೆ ಕೇಳುವುದಿಲ್ಲ. ಕಾಫಿ ತೋಟದಲ್ಲಿ ಇಳಿಜಾರು ಹತ್ತಿ ಇಳಿದವರು, ಆಲೂಗಡ್ಡೆ ಹೊಲದಲ್ಲಿ ಕೂತು ಕಳೆ ತೆಗೆದವರು, ಮೂವತ್ತು ವರ್ಷ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತವರು. ಮಂಡಿ ಸವೆದಿದೆ, ಬೆಳಗ್ಗೆ ಎದ್ದರೆ ಬೆರಳು ಮಡಚಲು ಆಗುವುದಿಲ್ಲ, ಆದರೂ ಕೆಲಸಕ್ಕೆ ಹೋಗಬೇಕು. ಅವರಿಗೆ "ನೋವು ತಡ್ಕೊಳ್ಳಿ" ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ನೋವಿನ ಮಾತ್ರೆ ಕೆಟ್ಟದ್ದು, ಮುಟ್ಟಬೇಡಿ ಎಂದು ಹೆದರಿಸಲು ನಾನು ಈ ಪತ್ರ ಬರೆಯುತ್ತಿಲ್ಲ. ಸರಿಯಾಗಿ ಸೇರಿಸಿಕೊಂಡರೆ ಈ ಮಾತ್ರೆಗಳು ಜನರನ್ನು ಓಡಾಡುವಂತೆ ಮಾಡುತ್ತವೆ. ನನ್ನ ಚಿಂತೆ ಬೇರೆ. ಒಬ್ಬರ ಹೊಟ್ಟೆಗೆ ಮೂರು ನಾಲ್ಕು ಕಡೆಯಿಂದ ನೋವಿನ ಮಾತ್ರೆ ಹೋಗುತ್ತಿದೆ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುವವರು ಯಾರೂ ಇಲ್ಲ.

ಕಳೆದ ಮಳೆಗಾಲದಲ್ಲಿ ಒಬ್ಬ ಅಜ್ಜಿ ಬಂದಿದ್ದರು. ಕಾಲು ಊದಿಕೊಂಡಿದೆ, ಮೂತ್ರ ಕಮ್ಮಿಯಾಗಿದೆ ಎಂದರು. "ಅಜ್ಜಿ, ಯಾವ್ಯಾವ ಮಾತ್ರೆ ತಗೋತೀರಿ?" ಎಂದು ಕೇಳಿದ್ದಕ್ಕೆ ಪ್ಲಾಸ್ಟಿಕ್ ಕವರನ್ನೇ ಕೌಂಟರ್ ಮೇಲೆ ಸುರಿದರು. ಬಿಪಿಗೆ ಟೆಲ್ಮಿಸಾರ್ಟಾನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಮಾತ್ರೆ. ಹೃದಯಕ್ಕೆ ಎಂದು 75 ಮಿಲಿಗ್ರಾಂ ಆಸ್ಪಿರಿನ್. ಮೂಳೆ ಡಾಕ್ಟರು ಕೊಟ್ಟ ಅಸೆಕ್ಲೋಫೆನಾಕ್, ಪ್ಯಾರಸಿಟಮಾಲ್, ಸೆರಾಷಿಯೋಪೆಪ್ಟಿಡೇಸ್ ಸೇರಿದ ಮಾತ್ರೆ. ಊರಿನ ಕ್ಲಿನಿಕ್‌ನಲ್ಲಿ ಕೊಟ್ಟ ಐಬುಪ್ರೊಫೇನ್ ಮತ್ತು ಪ್ಯಾರಸಿಟಮಾಲ್ ಮಾತ್ರೆ. ಮಗ ತಂದಿಟ್ಟ ಡೋಲೋ 650, ಅಂದರೆ 650 ಮಿಲಿಗ್ರಾಂ ಪ್ಯಾರಸಿಟಮಾಲ್. ಜೊತೆಗೆ ಒಂದು ಸಣ್ಣ ಪೇಪರ್ ಕವರ್. ಅದರೊಳಗೆ ಹೆಸರೇ ಇಲ್ಲದ ಮೂರು ಬಣ್ಣದ ಬಿಡಿ ಮಾತ್ರೆಗಳು. ಕೊಟ್ಟವರಲ್ಲಿ ಯಾರಿಗೂ ಇನ್ನೊಬ್ಬರು ಏನು ಕೊಟ್ಟಿದ್ದಾರೆ ಎಂದು ಗೊತ್ತಿರಲಿಲ್ಲ. ಅಜ್ಜಿಗೆ ಗೊತ್ತಿದ್ದದ್ದು ಇಷ್ಟೇ: "ಇದು ಮಂಡಿಗೆ, ಇದು ಸೊಂಟಕ್ಕೆ, ಇದು ಮೈಕೈ ನೋವಿಗೆ."

ಅವರನ್ನು ಅವತ್ತೇ ತಾಲ್ಲೂಕು ಆಸ್ಪತ್ರೆಗೆ ಕಳಿಸಿದೆ. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿತ್ತು, ಅಂದರೆ ಕಿಡ್ನಿಯ ಕೆಲಸ ಕುಗ್ಗಿತ್ತು. ನೋವಿನ ಮಾತ್ರೆ ನಿಲ್ಲಿಸಿ, ಬೇರೆ ಔಷಧಿ ಬದಲಾಯಿಸಿದ ಮೇಲೆ ಇಳಿಯಿತು. ಎಲ್ಲರಿಗೂ ಹಾಗೆ ಇಳಿಯುವುದಿಲ್ಲ.

ಮಂಡಿಗೆ ಒಂದು, ಸೊಂಟಕ್ಕೆ ಒಂದು ಎಂದು ಮಾತ್ರೆ ಇರುವುದಿಲ್ಲ. ನುಂಗಿದ ಮಾತ್ರೆ ರಕ್ತಕ್ಕೆ ಸೇರಿ ಮೈಯೆಲ್ಲ ಸುತ್ತುತ್ತದೆ. ನಮ್ಮ ಅಂಗಡಿಗಳಲ್ಲಿ ಕೀಲು ನೋವಿಗೆ ಸಿಗುವ ಮಾತ್ರೆಗಳ ಹೆಸರು ನೂರಾರು ಇದ್ದರೂ ಅವುಗಳ ಮನೆತನ ಕೆಲವೇ. ಪ್ಯಾರಸಿಟಮಾಲ್‌ನದು ಒಂದು. ಊತ ಇಳಿಸುವ ಮಾತ್ರೆಗಳದು ಇನ್ನೊಂದು: ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೇನ್, ನ್ಯಾಪ್ರೋಕ್ಸೆನ್, ಎಟೋರಿಕಾಕ್ಸಿಬ್, ಪೈರಾಕ್ಸಿಕಾಂ, ನಿಮೆಸುಲೈಡ್, ಮೆಫನಾಮಿಕ್ ಆಸಿಡ್ ಎಲ್ಲವೂ ಇದರಲ್ಲೇ ಬರುತ್ತವೆ. ಟ್ರಮಡಾಲ್‌ನಂಥ, ಅಫೀಮಿನ ಜಾತಿಗೆ ಸೇರಿದ ಬಲವಾದ ಮಾತ್ರೆಗಳದು ಮತ್ತೊಂದು. ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್‌ನಂಥ ಸ್ಟಿರಾಯ್ಡ್‌ಗಳದು ಬೇರೆಯೇ ಲೆಕ್ಕ.

ಒಂದೇ ಮನೆತನದ ಎರಡು ಮಾತ್ರೆ ಸೇರಿಸಬಾರದು. ಈ ಪತ್ರದಲ್ಲಿ ಜನರಿಗೆ ಹೇಳಬೇಕಾದ ಮೊದಲ ಮಾತು ಇದು. ಊತ ಇಳಿಸುವ ಮಾತ್ರೆಗಳೆಲ್ಲ ದೇಹದಲ್ಲಿ ಪ್ರೋಸ್ಟಾಗ್ಲಾಂಡಿನ್ ಎಂಬ ವಸ್ತು ತಯಾರಾಗುವುದನ್ನು ತಡೆಯುತ್ತವೆ. ಒಂದು ಮಾತ್ರೆ ಪೂರ್ತಿ ಅಳತೆಯಲ್ಲಿ ಆ ಕೆಲಸ ಮಾಡುತ್ತಿರುವಾಗ ಇನ್ನೊಂದನ್ನು ನುಂಗುವುದು ಬೀಗ ಹಾಕಿದ ಬಾಗಿಲಿಗೆ ಮತ್ತೊಂದು ಬೀಗ ಹಾಕಿದ ಹಾಗೆ. ನೋವು ಅದರಿಂದ ಜಾಸ್ತಿ ಇಳಿಯುವುದಿಲ್ಲ. ಅಪಾಯ ಮಾತ್ರ ಏರುತ್ತಾ ಹೋಗುತ್ತದೆ. ಯಾಕೆಂದರೆ ಅದೇ ಪ್ರೋಸ್ಟಾಗ್ಲಾಂಡಿನ್ ಹೊಟ್ಟೆಯ ಒಳಪದರವನ್ನು ಆಸಿಡ್‌ನಿಂದ ಕಾಪಾಡುತ್ತದೆ. ಕಿಡ್ನಿಗೆ ರಕ್ತ ಸರಿಯಾಗಿ ಹರಿಯುವಂತೆಯೂ ನೋಡಿಕೊಳ್ಳುತ್ತದೆ. ಅಜ್ಜಿಯ ಕವರಿನಲ್ಲಿದ್ದ ಅಸೆಕ್ಲೋಫೆನಾಕ್ ಮತ್ತು ಐಬುಪ್ರೊಫೇನ್ ಇಂಥ ಜೋಡಿ.

ಎರಡನೆಯದು ಪ್ಯಾರಸಿಟಮಾಲ್ ಲೆಕ್ಕ. ಇದು ಒಳ್ಳೆಯ ಔಷಧಿ. ಊತ ಇಳಿಸುವ ಮಾತ್ರೆಯ ಜೊತೆ ಸೇರಿಸಿಕೊಳ್ಳಬಹುದು, ಯಾಕೆಂದರೆ ಕೆಲಸ ಮಾಡುವ ರೀತಿ ಬೇರೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 4,000 ಮಿಲಿಗ್ರಾಂ ಮೇಲ್ಮಿತಿ. ವಯಸ್ಸಾದವರು, ಸಣಕಲು ಮೈಯವರು, ದಿನಾ ಕುಡಿಯುವವರು, ಲಿವರ್ ತೊಂದರೆ ಇರುವವರಿಗೆ ವೈದ್ಯರು 3,000ಕ್ಕೆ, ಕೆಲವೊಮ್ಮೆ 2,000ಕ್ಕೆ ಇಳಿಸುತ್ತಾರೆ. ಈಗ ಲೆಕ್ಕ ಹಾಕಿ ನೋಡಿ. ಡೋಲೋ 650 ದಿನಕ್ಕೆ ಮೂರು ಎಂದರೆ 1,950. ಅಸೆಕ್ಲೋಫೆನಾಕ್ ಇರುವ ಜೀರೋಡಾಲ್ ಎಸ್‌ಪಿ ಒಂದು ಮಾತ್ರೆಯಲ್ಲಿ ಪ್ಯಾರಸಿಟಮಾಲ್ 325, ಎರಡು ಹೊತ್ತಿಗೆ 650. ಅಲ್ಟ್ರಾಸೆಟ್‌ನಲ್ಲಿ ಟ್ರಮಡಾಲ್ ಜೊತೆ ಪ್ಯಾರಸಿಟಮಾಲ್ 325 ಇದೆ, ಎರಡು ಹೊತ್ತಿಗೆ ಮತ್ತೆ 650. ಒಟ್ಟು 3,250. ಆ ದಿನ ನೆಗಡಿ ಬಂದು ಒಂದು ಶೀತದ ಮಾತ್ರೆ ತೆಗೆದುಕೊಂಡರೆ ಬಹುಶಃ ಅದರಲ್ಲೂ ಪ್ಯಾರಸಿಟಮಾಲ್ ಇರುತ್ತದೆ. ಇಷ್ಟೂ ಹೊತ್ತು ಆ ಮನುಷ್ಯ ತಾನು "ಮೂರೇ ಡೋಲೋ" ತೆಗೆದುಕೊಂಡಿದ್ದೇನೆ ಎಂದೇ ತಿಳಿದಿರುತ್ತಾರೆ. ಮಿತಿ ಮೀರಿದ ಪ್ಯಾರಸಿಟಮಾಲ್ ಲಿವರನ್ನು ಸುಡುತ್ತದೆ. ಅದು ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಮೂರನೆಯದು ಬಿಪಿ ಮಾತ್ರೆಯ ಜೊತೆಗಿನ ಜಗಳ. ನನಗೆ ಎಲ್ಲಕ್ಕಿಂತ ಹೆದರಿಕೆ ಇದರದ್ದೇ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆ, ಅದರ ಜೊತೆ ನೀರು ಇಳಿಸುವ ಮಾತ್ರೆ, ಇವೆರಡರ ಮೇಲೆ ಊತ ಇಳಿಸುವ ನೋವಿನ ಮಾತ್ರೆ. ಈ ಮೂರೂ ಸೇರಿದಾಗ ಕಿಡ್ನಿ ಹಠಾತ್ತಾಗಿ ಕೈಕೊಡುವ ಸಂಭವ ಜಾಸ್ತಿ ಎಂದು ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಗೊತ್ತು. ವಾಂತಿ ಭೇದಿ ಆದ ದಿನ, ಬಿಸಿಲಲ್ಲಿ ನೀರು ಕುಡಿಯದೆ ದುಡಿದ ದಿನ ಅಪಾಯ ಇನ್ನೂ ಹೆಚ್ಚು. ಮೊದಲೆರಡು ಔಷಧಿ ಬಹಳ ಸಲ ಒಂದೇ ಮಾತ್ರೆಯಲ್ಲಿ ಸೇರಿ ಬರುತ್ತವೆ. ಹಾಗಾಗಿ ರೋಗಿಯ ಲೆಕ್ಕದಲ್ಲಿ ಅದು "ಒಂದೇ ಬಿಪಿ ಮಾತ್ರೆ". ಊತ ಇಳಿಸುವ ಮಾತ್ರೆ ಬಿಪಿಯನ್ನೂ ಏರಿಸುತ್ತದೆ. ಬಿಪಿ ಹತೋಟಿಗೆ ಬರುತ್ತಿಲ್ಲ ಎಂದು ಇನ್ನೊಂದು ಬಿಪಿ ಮಾತ್ರೆ ಸೇರಿಸುತ್ತಾರೆ. ಮಂಡಿ ನೋವಿಗೆ ಏನು ತೆಗೆದುಕೊಳ್ಳುತ್ತಿದ್ದೀರಿ ಎಂದು ಯಾರೂ ಕೇಳಿರುವುದಿಲ್ಲ.

ಮಾನ್ಯ ಸಚಿವರೇ, ನಿಮ್ಮ ಇಲಾಖೆಯ ಕೈಯಲ್ಲೇ ಇದಕ್ಕೊಂದು ದಾರಿ ಇದೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತರು ಮನೆಬಾಗಿಲಿಗೇ ಹೋಗಿ ಬಿಪಿ, ಸಕ್ಕರೆ ಕಾಯಿಲೆ ತಪಾಸಣೆ ಮಾಡುತ್ತಾರೆ. ಇದು ನಿಜವಾಗಿಯೂ ಒಳ್ಳೆಯ ಕೆಲಸ. ನಮ್ಮಲ್ಲಿ ಬಿಪಿ, ಸಕ್ಕರೆ ಇರುವ ಹಿರಿಯರಲ್ಲಿ ಮಂಡಿ ನೋವು ಇಲ್ಲದವರು ಎಷ್ಟು ಜನ ಸಿಗುತ್ತಾರೆ? ಆ ಮನೆಗೆ ಹೋದಾಗ ಇನ್ನೊಂದೇ ಒಂದು ಪ್ರಶ್ನೆ ಕೇಳಿಸಿ: "ನೋವಿಗೆ ಏನು ನುಂಗುತ್ತೀರಿ, ತಂದು ತೋರಿಸಿ." ಬಾಯಿಮಾತಿನ ಉತ್ತರ ಸಾಲದು. ಮಾತ್ರೆಯ ಡಬ್ಬಿ, ಕವರು, ಮುಲಾಮು, ಚೂರ್ಣ ಎಲ್ಲವನ್ನೂ ತರಿಸಿ ನೋಡಬೇಕು. ನೋವಿನ ಮಾತ್ರೆಯನ್ನು ಜನ ಔಷಧಿ ಎಂದೇ ಎಣಿಸುವುದಿಲ್ಲ. "ಬೇರೆ ಯಾವ ಮಾತ್ರೆನೂ ಇಲ್ಲ, ಬಿಪಿದೊಂದೇ" ಎಂದು ಹೇಳಿದವರ ಸೆರಗಿನ ಗಂಟಿನಲ್ಲೇ ಡೈಕ್ಲೋಫೆನಾಕ್ ಇರುತ್ತದೆ. ದಿನವೂ ತೆಗೆದುಕೊಳ್ಳುವವರು ಎಂದು ಗೊತ್ತಾದರೆ ಅವರ ಹೆಸರಿನ ಮುಂದೆ ಒಂದು ಗುರುತು ಹಾಕಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕ್ರಿಯಾಟಿನಿನ್ ಪರೀಕ್ಷೆಗೆ ಕಳಿಸಬಹುದು. ಹೊಸ ಕಟ್ಟಡ ಬೇಡ, ಹೊಸ ಯೋಜನೆಯ ಹೆಸರೂ ಬೇಡ.

ಹೃದಯದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ರೋಫೆಕಾಕ್ಸಿಬ್ ಎಂಬ ನೋವಿನ ಮಾತ್ರೆ 2004ರಲ್ಲಿ ಇಡೀ ಜಗತ್ತಿನ ಮಾರುಕಟ್ಟೆಯಿಂದ ವಾಪಸಾಯಿತು. ಹೃದಯಾಘಾತದ ಅಪಾಯ ಹೆಚ್ಚಿಸುತ್ತದೆ ಎಂಬುದೇ ಕಾರಣ. ಅದೇ ಬಗೆಯ ಎಟೋರಿಕಾಕ್ಸಿಬ್ ನಮ್ಮಲ್ಲಿ ಇಂದಿಗೂ ಧಾರಾಳವಾಗಿ ಮಾರಾಟವಾಗುತ್ತದೆ. ಅದು ಬೇಕಾದವರು ಇದ್ದಾರೆ. ಆದರೆ ಹೃದಯಾಘಾತ ಆದವರು, ಸ್ಟೆಂಟ್ ಹಾಕಿಸಿಕೊಂಡವರು, ಬಿಪಿ ಹತೋಟಿಯಲ್ಲಿ ಇಲ್ಲದವರು ಅದನ್ನೂ ಡೈಕ್ಲೋಫೆನಾಕ್ ಅನ್ನೂ ತಮ್ಮಷ್ಟಕ್ಕೆ ತೆಗೆದುಕೊಳ್ಳಲೇಬಾರದು. ಹೃದಯಕ್ಕೆ ಆಸ್ಪಿರಿನ್ ತೆಗೆದುಕೊಳ್ಳುವವರು ಐಬುಪ್ರೊಫೇನ್ ಸೇರಿಸಿದರೆ ಆಸ್ಪಿರಿನ್ ಮಾಡಬೇಕಾದ ಕೆಲಸಕ್ಕೇ ಅಡ್ಡಿಯಾಗಬಹುದು. ಮೇಲಾಗಿ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯವೂ ಏರುತ್ತದೆ. ವಾರ್ಫರಿನ್, ಅಸಿನೋಕೌಮರಾಲ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳು ಮಾಡುವ ಮಾತ್ರೆಯವರಂತೂ ಡಾಕ್ಟರನ್ನು ಕೇಳದೆ ಊತ ಇಳಿಸುವ ಮಾತ್ರೆ ಮುಟ್ಟುವುದೇ ಬೇಡ.

"ಗ್ಯಾಸ್ ಮಾತ್ರೆ ತಗೊಂಡಿದ್ದೀನಲ್ಲ, ಏನೂ ಆಗಲ್ಲ" ಎನ್ನುವವರು ಬಹಳ. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ಹೊಟ್ಟೆಯ ಹುಣ್ಣನ್ನು ಬಹುಮಟ್ಟಿಗೆ ತಡೆಯುತ್ತವೆ, ನಿಜ. ವಯಸ್ಸಾದವರಿಗೆ ಊತ ಇಳಿಸುವ ಮಾತ್ರೆ ಕೊಡುವಾಗ ಜೊತೆಗೆ ಬರೆಯುವುದು ಸರಿಯೇ. ಆದರೆ ಅವು ಕಿಡ್ನಿಯನ್ನೂ ಹೃದಯವನ್ನೂ ಕಾಯುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಇಲ್ಲಿ ಮನೆಯವರ ಜೊತೆ ಮಾತಾಡುತ್ತೇನೆ. ಮಂಡಿ ಸವೆತದ ನೋವಾದರೆ ಮೊದಲು ಹಚ್ಚುವ ಔಷಧಿ. ಡೈಕ್ಲೋಫೆನಾಕ್ ಜೆಲ್ ಅನ್ನು ಜನ "ಸುಮ್ನೆ ಮುಲಾಮು" ಎಂದು ಕಡೆಗಣಿಸುತ್ತಾರೆ. ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ಮಂಡಿ ಸವೆತಕ್ಕೆ ಹಚ್ಚುವ ಔಷಧಿಯನ್ನೇ ಮೊದಲಿಗೆ ಇಟ್ಟಿದೆ. ಅಮೆರಿಕದ ಕೀಲುರೋಗ ತಜ್ಞರ ಸಂಘವೂ 2019ರಲ್ಲಿ ಮಂಡಿ ಸವೆತಕ್ಕೆ ಇದನ್ನು ಬಲವಾಗಿ ಶಿಫಾರಸು ಮಾಡಿದೆ. ಒಂದು ಮಂಡಿಗೆ ಹಚ್ಚಿದರೆ ರಕ್ತಕ್ಕೆ ಸೇರುವುದು ಮಾತ್ರೆ ನುಂಗಿದಾಗಿನದರ ಶೇಕಡ 6ರಷ್ಟು. ಕಾಳಿನಷ್ಟು ಹಚ್ಚಿ ಗುಣವಾಗಲಿಲ್ಲ ಎನ್ನಬೇಡಿ, ಡಾಕ್ಟರು ಹೇಳಿದ ಅಳತೆಯಲ್ಲಿ ದಿನಕ್ಕೆ ಮೂರು ನಾಲ್ಕು ಸಲ, ಕೆಲವು ವಾರ ಹಚ್ಚಬೇಕು. ಹಾಗೆಂದು ಎರಡು ಮಂಡಿ, ಸೊಂಟ, ಭುಜ ಎಲ್ಲಕ್ಕೂ ಬಳಿದುಕೊಂಡು ಮೇಲೆ ಮಾತ್ರೆಯನ್ನೂ ನುಂಗಿದರೆ ಅದು ಮತ್ತೆ ಒಂದೇ ಮನೆತನದ ಜೋಡಿ ಆಗುತ್ತದೆ. ಜೆಲ್ ಜೊತೆ ಪ್ಯಾರಸಿಟಮಾಲ್ ತೆಗೆದುಕೊಳ್ಳಬಹುದು. ಪ್ಯಾರಸಿಟಮಾಲ್ ಒಂದರಿಂದಲೇ ಮಂಡಿ ಸವೆತದ ನೋವು ಪೂರಾ ಹೋಗುವುದಿಲ್ಲ ಎಂಬುದೂ ನಿಜ. ಅದನ್ನು ಮುಚ್ಚಿಟ್ಟರೆ ಜನ ನಮ್ಮ ಮಾತು ನಂಬುವುದಿಲ್ಲ.

ಅದೂ ಸಾಲದಿದ್ದರೆ ಊತ ಇಳಿಸುವ ಮಾತ್ರೆ. ಅದೂ ಒಂದೇ ಒಂದು. ಕಿಡ್ನಿ, ಹೃದಯ, ಹೊಟ್ಟೆಯ ಪರಿಸ್ಥಿತಿ ನೋಡಿ ಡಾಕ್ಟರು ಆರಿಸಿದ್ದು. ಊಟ ಆದ ಮೇಲೆ, ಕಡಿಮೆ ಅಳತೆಯಲ್ಲಿ, ಬೇಕಾದಷ್ಟು ದಿನ ಮಾತ್ರ. ಅಸೆಕ್ಲೋಫೆನಾಕ್ 100 ಆದರೆ ದಿನಕ್ಕೆ ಎರಡಕ್ಕಿಂತ ಹೆಚ್ಚು ಇಲ್ಲ. ನೋವು ಕಮ್ಮಿ ಇರುವ ದಿನ ಬಿಡಬಹುದಾ ಎಂದು ಡಾಕ್ಟರನ್ನೇ ಕೇಳಿ, ಮಂಡಿ ಸವೆತದಲ್ಲಿ ಬಹಳ ಸಲ ಬಿಡಬಹುದು. ವಾಂತಿ ಭೇದಿಯ ದಿನ ನಿಲ್ಲಿಸಿ. ಮಲ ಡಾಂಬರಿನಂತೆ ಕಪ್ಪಾದರೆ, ಮೂತ್ರ ಕಮ್ಮಿಯಾದರೆ, ಮುಖ ಕಾಲು ಊದಿದರೆ, ಕಣ್ಣು ಹಳದಿಯಾದರೆ, ಎದೆ ಹಿಡಿದರೆ ಮಾತ್ರೆ ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ. ಗರ್ಭಿಣಿಯರು ಈ ಗುಂಪಿನ ಮಾತ್ರೆಯನ್ನು ತಾವಾಗಿ ತೆಗೆದುಕೊಳ್ಳಲೇಬಾರದು.

ಟ್ರಮಡಾಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 2018ರಿಂದ ಅದು ಮಾದಕ ವಸ್ತುಗಳ ಕಾಯ್ದೆಯ ಕೆಳಗೆ ಬಂದಿದೆ, ಚೀಟಿ ಇಲ್ಲದೆ ಸಿಗಬಾರದು. ವಯಸ್ಸಾದವರಿಗೆ ಮಂಪರು, ಮಲಬದ್ಧತೆ, ತಲೆಸುತ್ತಿ ಬೀಳುವುದು ಇದರ ಕಾಟ. ನಿದ್ದೆ ಮಾತ್ರೆ, ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್, ಮದ್ಯ ಇವುಗಳ ಜೊತೆ ಸೇರಿದರೆ ಉಸಿರಾಟವೇ ನಿಧಾನವಾಗಬಹುದು. ಮನಸ್ಸಿನ ಕಾಯಿಲೆಗೆ ಕೊಡುವ ಕೆಲವು ಮಾತ್ರೆಗಳ ಜೊತೆಯೂ ಇದು ಅಪಾಯ.

ಕೀಲು ನೋವೆಲ್ಲ ಸವೆತವೇ ಅಲ್ಲ, ಅಲ್ವಾ? ದೇಹದ ರಕ್ಷಣಾ ಶಕ್ತಿಯೇ ಕೀಲಿನ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತ ಇರುವವರಿಗೆ ಬರೀ ನೋವಿನ ಮಾತ್ರೆ ಕೊಡುತ್ತಾ ಹೋದರೆ ನೋವು ಅಡಗುತ್ತದೆ, ಕೀಲು ಒಳಗೊಳಗೇ ಹಾಳಾಗುತ್ತದೆ. ಅವರಿಗೆ ಬೇಕಾದದ್ದು ಮೆಥೋಟ್ರೆಕ್ಸೇಟ್‌ನಂಥ, ಕಾಯಿಲೆಯನ್ನೇ ಹತೋಟಿಗೆ ತರುವ ಔಷಧಿ. ಅದನ್ನು ತೆಗೆದುಕೊಳ್ಳುವುದು ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ನುಂಗಿ ಪ್ರಾಣ ಕಳೆದುಕೊಂಡವರು ಜಗತ್ತಿನ ಎಲ್ಲ ಕಡೆ ಇದ್ದಾರೆ. ನಾನು ಕವರಿನ ಮೇಲೆ ದಪ್ಪ ಪೆನ್ನಿನಲ್ಲಿ "ಭಾನುವಾರ ಮಾತ್ರ" ಎಂದು ಬರೆದು, ಓದಿಸಿ, ಆಮೇಲೆ ಕೊಡುತ್ತೇನೆ. ಮೂತ್ರದ ಸೋಂಕಿಗೋ ಭೇದಿಗೋ ಕೊಡುವ ಕೋ-ಟ್ರೈಮಾಕ್ಸಜೋಲ್ ಎಂಬ ಸಲ್ಫಾ ಮಾತ್ರೆ ಇದರ ಜೊತೆ ಸೇರಿದರೆ ರಕ್ತಕಣಗಳೇ ಕುಸಿಯಬಹುದು. ನೋವಿನ ಮಾತ್ರೆಯನ್ನೂ ಇದರ ಜೊತೆ ತಜ್ಞರ ಕಣ್ಣಳತೆಯಲ್ಲೇ, ರಕ್ತ ಪರೀಕ್ಷೆ ಮಾಡಿಸಿಕೊಳ್ಳುತ್ತಲೇ ತೆಗೆದುಕೊಳ್ಳಬೇಕು. ಸಂಧಿವಾತದ ತಜ್ಞರು ಬೆಂಗಳೂರು, ಮೈಸೂರು, ಮಂಗಳೂರಿನಂಥ ಊರು ಬಿಟ್ಟರೆ ಸಿಗುವುದು ಕಷ್ಟ. ಜಿಲ್ಲಾ ಆಸ್ಪತ್ರೆಯಲ್ಲಿ ತಿಂಗಳಿಗೊಂದು ದಿನವಾದರೂ ಅವರು ಕೂರುವ ಹಾಗೆ ಮಾಡಿ. ಮಂಡಿ ಸವೆತದವರಿಗೆ ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟ್ ತಾಲ್ಲೂಕಿಗೊಬ್ಬರು ಇದ್ದರೆ ನನ್ನ ಅಂಗಡಿಯ ನೋವಿನ ಮಾತ್ರೆ ವ್ಯಾಪಾರ ಕಮ್ಮಿಯಾಗುತ್ತದೆ. ಆಗಲಿ.

ಮಳೆಗಾಲದ ಕಥೆ ಬೇರೆ. 2006ರಲ್ಲಿ ಚಿಕುನ್‌ಗುನ್ಯಾ ನಮ್ಮ ರಾಜ್ಯವನ್ನು ಹೇಗೆ ಮಲಗಿಸಿತು ಎಂದು ಹಳ್ಳಿಗಳಲ್ಲಿ ಇಂದಿಗೂ ನೆನೆಯುತ್ತಾರೆ. ತಿಂಗಳುಗಟ್ಟಲೆ ಕೀಲು ಹಿಡಿದು ಕೂತವರಿದ್ದರು. ಈಗ ಜ್ವರದ ಜೊತೆ ಕೀಲು ನೋವು ಬಂದರೆ ಜನ ಅದನ್ನೇ ನೆನೆದು ಡೈಕ್ಲೋಫೆನಾಕ್ ಕೇಳುತ್ತಾರೆ. ಆದರೆ ಅದು ಡೆಂಗಿಯೂ ಆಗಿರಬಹುದು. 2024ರಲ್ಲಿ ನಿಮ್ಮ ಸರ್ಕಾರವೇ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಅಧಿಸೂಚನೆ ಹೊರಡಿಸಿತ್ತು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಿರುವಾಗ ಆಸ್ಪಿರಿನ್ನೋ ಐಬುಪ್ರೊಫೇನೋ ಡೈಕ್ಲೋಫೆನಾಕೋ ಬಿದ್ದರೆ ರಕ್ತಸ್ರಾವಕ್ಕೆ ದಾರಿ. ಡೆಂಗಿ ಅಲ್ಲ ಎಂದು ಖಚಿತವಾಗುವವರೆಗೆ ಪ್ಯಾರಸಿಟಮಾಲ್ ಒಂದೇ. ಸೊಳ್ಳೆಯ ಬಗ್ಗೆ ನೀವು ಹಾಕುವ ಪೋಸ್ಟರಿನಲ್ಲಿ ಈ ಒಂದು ಸಾಲಿಗೂ ಜಾಗ ಕೊಡಿ.

ಇನ್ನು ಆ ಹೆಸರಿಲ್ಲದ ಬಿಡಿ ಮಾತ್ರೆಗಳು. ಔಷಧ ನಿಯಂತ್ರಣ ಅಧಿಕಾರಿಗಳೇ, ಇದು ನಿಮಗೆ. ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಎಟೋರಿಕಾಕ್ಸಿಬ್ ಎಲ್ಲ ಚೀಟಿ ಇದ್ದರೆ ಮಾತ್ರ ಕೊಡಬೇಕಾದ ಔಷಧಿಗಳು. ಸ್ಟ್ರಿಪ್ ಮೇಲೆ ಕೆಂಪು ಗೆರೆ ಎಳೆದಿರುವುದು ಅದಕ್ಕೇ. ಆದರೆ ಕತ್ತರಿಯಲ್ಲಿ ಕತ್ತರಿಸಿ ಎರಡು ಮಾತ್ರೆ ಕೊಟ್ಟಾಗ ಆ ಗೆರೆಯೂ ಹೋಯಿತು, ಹೆಸರೂ ಹೋಯಿತು. ಸೆಟ್ ಕವರಿನಲ್ಲಿ ಒಂದು ನೋವಿನದು, ಒಂದು ಗ್ಯಾಸಿನದು, ಜೊತೆಗೆ ಒಂದು ಪುಟ್ಟ ಬಿಳಿ ಮಾತ್ರೆ ಇರುತ್ತದೆ. ಎಷ್ಟೋ ಸಲ ಅದು ಸ್ಟಿರಾಯ್ಡ್. ಅದರಿಂದ ಒಂದೇ ದಿನದಲ್ಲಿ ಎದ್ದು ಓಡಾಡುತ್ತಾರೆ, ಕೊಟ್ಟವರಿಗೆ ಒಳ್ಳೆಯ ಹೆಸರು ಬರುತ್ತದೆ. ಸಕ್ಕರೆ ಏರುವುದು, ಮೂಳೆ ಟೊಳ್ಳಾಗುವುದು, ಮುಖ ಉಬ್ಬುವುದು ಆಮೇಲೆ. ಊತ ಇಳಿಸುವ ಮಾತ್ರೆಯ ಜೊತೆ ಸ್ಟಿರಾಯ್ಡ್ ಸೇರಿದರೆ ಹೊಟ್ಟೆಯ ಹುಣ್ಣಿನ ಅಪಾಯ ಬಹಳ ಏರುತ್ತದೆ. ತಿಂಗಳುಗಟ್ಟಲೆ ತೆಗೆದುಕೊಂಡವರು ಥಟ್ಟನೆ ಬಿಡುವುದೂ ಅಪಾಯ. ಕೀಲು ನೋವಿಗೆಂದು ಪೊಟ್ಟಣ ಕಟ್ಟಿ ಮಾರುವ ಕೆಲವು ಪುಡಿಗಳಲ್ಲೂ ಸ್ಟಿರಾಯ್ಡ್, ಡೈಕ್ಲೋಫೆನಾಕ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದಿದೆ. ನಿಜವಾದ ಆಯುರ್ವೇದ ವೈದ್ಯರಿಗೂ ಇದರಿಂದ ಕೆಟ್ಟ ಹೆಸರು.

ಹೆಸರಿಲ್ಲದ ಕವರಿನಲ್ಲಿ ಮಾತ್ರೆ ಕೊಡುವುದನ್ನು ನಿಲ್ಲಿಸಿ. ಬಿಡಿ ಕೊಡಲೇಬೇಕಾದರೆ ಕವರಿನ ಮೇಲೆ ಕನ್ನಡದಲ್ಲಿ ಔಷಧಿಯ ಹೆಸರು, ಅಳತೆ, ಯಾವ ಹೊತ್ತಿಗೆ ಎಂದು ಬರೆದಿರಬೇಕು. ನಮ್ಮಂಥ ಅಂಗಡಿಗೆ ಇದು ಹೊರೆಯಲ್ಲ. ಚೀಟಿ ಇಲ್ಲದೆ ಕೊಡುವುದಿಲ್ಲ ಎಂದರೆ ಗಿರಾಕಿ ಮುಂದಿನ ಅಂಗಡಿಗೆ ಹೋಗುತ್ತಾರೆ, ಅಲ್ಲಿ ಸಿಗುತ್ತದೆ. ಹಾಗಾಗಿ ನಿಯಮ ಎಲ್ಲರಿಗೂ ಒಂದೇ ಸಮ ಜಾರಿಯಾಗಬೇಕು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳ ಪ್ರಕಾರ ರೋಗಿಗೆ ಔಷಧಿಯ ಬಗ್ಗೆ ತಿಳಿಸಿ ಹೇಳುವುದು ಫಾರ್ಮಸಿಸ್ಟ್ ಕೆಲಸವೇ. ತಪಾಸಣೆಗೆ ಬಂದಾಗ ಫ್ರಿಜ್ಜು, ಬಿಲ್ಲು, ರಿಜಿಸ್ಟರ್ ನೋಡುತ್ತೀರಿ. ಮಾತ್ರೆ ಕೊಡುವವರು ನಿಜಕ್ಕೂ ಫಾರ್ಮಸಿಸ್ಟಾ, ಗಿರಾಕಿಗೆ ಏನಾದರೂ ಹೇಳಿ ಕೊಡುತ್ತಿದ್ದಾರಾ ಎಂದೂ ಸ್ವಲ್ಪ ಹೊತ್ತು ನಿಂತು ನೋಡಿ.

ಲೇಬಲ್ ವಿಷಯ ಕೇಂದ್ರದ ಕೈಯಲ್ಲಿದೆ ಎಂದು ನನಗೆ ಗೊತ್ತು. 2018ರಿಂದ ಔಷಧಿಯ ಮೂಲ ಹೆಸರನ್ನು ಕಂಪನಿ ಇಟ್ಟ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಬೇಕು ಎಂಬ ನಿಯಮ ಬಂತು. ಆದರೆ ಮೂರು ಅಥವಾ ಹೆಚ್ಚು ಔಷಧಿ ಸೇರಿದ ಮಾತ್ರೆಗಳಿಗೆ ಆ ನಿಯಮದಿಂದ ವಿನಾಯಿತಿ ಇದೆ. ಕೀಲು ನೋವಿಗೆ ನಾವು ದಿನಾ ಮಾರುವ ಮೂರು ಔಷಧಿಯ ಮಿಶ್ರಣಗಳು ಆ ವಿನಾಯಿತಿಯೊಳಗೇ ಕೂತಿವೆ. ಒಳಗೆ ಏನಿದೆ ಎಂದು ಗೊತ್ತಾಗುವುದು ಎಲ್ಲಿ ಅತಿ ಅಗತ್ಯವೋ ಅಲ್ಲೇ ಅಕ್ಷರ ಸಣ್ಣದು. ದೊಡ್ಡ ಬ್ರ್ಯಾಂಡುಗಳ ಮೇಲೆ 2023ರಿಂದ ಕ್ಯೂಆರ್ ಕೋಡ್ ಬಂದಿದೆ, ಆದರೆ ಕನ್ನಡಕ ಹಾಕಿಕೊಂಡು ತಡಕಾಡುವ ಅಜ್ಜಿಗೆ ಅದರಿಂದ ಏನು ಉಪಯೋಗ? ವಿನಾಯಿತಿ ತೆಗೆಯಿರಿ ಎಂದು ರಾಜ್ಯದ ಕಡೆಯಿಂದ ಕೇಂದ್ರಕ್ಕೆ ಬರೆಯಿರಿ. ಅರ್ಥವಿಲ್ಲದ ಮಿಶ್ರಣಗಳನ್ನು ತೆಗೆಯಲು ಕೇಂದ್ರಕ್ಕೆ ಆಗುತ್ತದೆ. 2024ರ ಆಗಸ್ಟ್‌ನಲ್ಲಿ 156 ಮಿಶ್ರಣಗಳನ್ನು ನಿಷೇಧಿಸಿದಾಗ ಅಸೆಕ್ಲೋಫೆನಾಕ್ 50, ಪ್ಯಾರಸಿಟಮಾಲ್ 125 ಸೇರಿದ ಮಾತ್ರೆಯೂ ಆ ಪಟ್ಟಿಯಲ್ಲಿತ್ತು.

ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ರಾಮನಗರದ ರಾಮದೇವರ ಬೆಟ್ಟದ ರಣಹದ್ದುಗಳನ್ನು ನೆನೆಯುತ್ತೇನೆ. ಡೈಕ್ಲೋಫೆನಾಕ್ ಕೊಟ್ಟ ದನದ ಹೆಣ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ದೇಶದ ತುಂಬ ಸತ್ತವು. 2006ರಲ್ಲಿ ಪಶುಗಳಿಗೆ ಆ ಔಷಧಿ ನಿಷೇಧವಾಯಿತು. ಮನುಷ್ಯರ ದೊಡ್ಡ ಬಾಟಲಿಯ ಇಂಜೆಕ್ಷನ್ ದನಗಳಿಗೆ ಹೋಗುತ್ತಿದೆ ಎಂದು ಗೊತ್ತಾದಾಗ 2015ರಲ್ಲಿ ಬಾಟಲಿಯ ಅಳತೆಯನ್ನೇ 3 ಮಿಲಿಲೀಟರಿಗೆ ಇಳಿಸಿದರು. 2023ರಲ್ಲಿ ಪಶುಗಳಿಗೆ ಅಸೆಕ್ಲೋಫೆನಾಕ್, ಕೀಟೋಪ್ರೊಫೇನ್ ಕೂಡ ನಿಂತಿತು. ಹಕ್ಕಿಯ ದೇಹ ಬೇರೆ, ನಮ್ಮದು ಬೇರೆ. ಸರಿಯಾದ ಅಳತೆಯಲ್ಲಿ ಮನುಷ್ಯರಿಗೆ ಇವು ಉಪಯೋಗದ ಔಷಧಿಗಳೇ, ಇವನ್ನು ನಿಷೇಧಿಸಿ ಎಂದು ನಾನು ಕೇಳುತ್ತಿಲ್ಲ. ಔಷಧಿ ಯಾವ ದಾರಿಯಲ್ಲಿ ಎಲ್ಲಿಗೆ ಹೋಗುತ್ತಿದೆ ಎಂದು ಬೆನ್ನು ಹತ್ತಿ, ಬಾಟಲಿಯ ಗಾತ್ರದವರೆಗೆ ಯೋಚಿಸಿದ ಆ ಶ್ರದ್ಧೆಯನ್ನು ನಮ್ಮ ಹಿರಿಯರ ಮಾತ್ರೆ ಡಬ್ಬಿಯ ಮೇಲೂ ತೋರಿಸಿ ಎಂದಷ್ಟೇ ಕೇಳುತ್ತಿದ್ದೇನೆ.

ಡಾಕ್ಟರುಗಳಲ್ಲಿ ಒಂದೇ ಕೋರಿಕೆ. ಚೀಟಿಯಲ್ಲಿ ಔಷಧಿಯ ಮೂಲ ಹೆಸರು ದೊಡ್ಡಕ್ಷರದಲ್ಲಿ, ಓದುವ ಹಾಗೆ ಬರೆಯಿರಿ. "ಈಗಾಗಲೇ ಏನು ನುಂಗುತ್ತಿದ್ದೀರಿ" ಎಂದು ಕೇಳಿ, ಅದನ್ನೂ ಚೀಟಿಯ ತಲೆಯಲ್ಲಿ ಬರೆಯಿರಿ. ಎಷ್ಟು ದಿನಕ್ಕೆ ಎಂಬುದನ್ನು ಬಿಡಬೇಡಿ. ಐದು ದಿನಕ್ಕೆಂದು ಕೊಟ್ಟ ಚೀಟಿಯನ್ನು ಜನ ಎರಡು ವರ್ಷ ಜೋಪಾನವಾಗಿಟ್ಟು ತರುತ್ತಾರೆ. ಔಷಧಿಯಿಂದ ತೊಂದರೆಯಾದರೆ 1800-180-3024 ಎಂಬ ಉಚಿತ ಸಂಖ್ಯೆಗೆ ಯಾರು ಬೇಕಾದರೂ ತಿಳಿಸಬಹುದು. ಈ ಸಂಖ್ಯೆಯನ್ನು ಸರ್ಕಾರದ ಪ್ರತಿ "ನಮ್ಮ ಕ್ಲಿನಿಕ್", ಪ್ರತಿ ಜನೌಷಧಿ ಕೇಂದ್ರದ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಿ.

ಈ ಪತ್ರದ ಜೊತೆ ಒಂದು ಪುಟದ ಕರಡು ಇಟ್ಟಿದ್ದೇನೆ. ಮೇಲೆ ಮಾತ್ರೆಗಳ ಮನೆತನದ ಪಟ್ಟಿ, ಕೆಳಗೆ ಯಾವುದರ ಜೊತೆ ಯಾವುದು ಬೇಡ ಎಂಬುದು, ದಪ್ಪ ಅಕ್ಷರದಲ್ಲಿ. ಓದಲು ಬಾರದವರಿಗೆ ಅರ್ಥವಾಗಲೆಂದು ಹೊಟ್ಟೆ, ಕಿಡ್ನಿ, ಲಿವರ್, ಹೃದಯದ ಚಿತ್ರಗಳಿವೆ. ನಿಮ್ಮ ಇಲಾಖೆಯ ತಜ್ಞರು ತಿದ್ದಲಿ, ಬೇಕಾದರೆ ಪೂರಾ ಬದಲಾಯಿಸಲಿ. ಗೃಹ ಆರೋಗ್ಯದ ಕಾರ್ಯಕರ್ತರ ಚೀಲದಲ್ಲಿ ಅದು ಇರಲಿ. ನಮ್ಮ ತಾಲ್ಲೂಕಿನ ಆಶಾ ಕಾರ್ಯಕರ್ತೆಯರಿಗೆ ಯಾವ ಭಾನುವಾರ ಕರೆದರೂ ಬಂದು ಮಾತ್ರೆಗಳನ್ನು ಗುರುತಿಸುವುದು ಹೇಗೆ ಎಂದು ಹೇಳಿಕೊಡಲು ನಾನು ಸಿದ್ಧಳಿದ್ದೇನೆ. ಉತ್ತರಕ್ಕೆ ಕಾಯುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಫಾರ್ಮಸಿಸ್ಟ್
ಹಾಸನ ಜಿಲ್ಲೆ